ಕಪ್ಪೆಯ ಸಾಕ್ಷಿ ನಡೆಯೋದಿಲ್ಲ

ಪರಿಸರ, ಮಾಲಿನ್ಯ ಅಂತ ಮಾತು ಬಂದಾಗಲೆಲ್ಲ ನಮ್ಮ ಐಟಿ ಮಂದಿ ತಪ್ಪದೆ ನೆನಪಿಸಿಕೊಳ್ಳುವ ಸಿನಿಮಾ ಒಂದಿದೆ: ‘ಎರಿನ್ ಬ್ರೊಕೊವಿಚ್’. 2000ದಲ್ಲಿ ಬಂದದ್ದು, ಸ್ಟೀವನ್ ಸೋಡರ್‌ಬರ್ಗ್ ನಿರ್ದೇಶನ, ಜೂಲಿಯಾ ರಾಬರ್ಟ್ಸ್‌ಗೆ ಆಸ್ಕರ್ ತಂದುಕೊಟ್ಟ ಪಾತ್ರ. ನೋಡಿಲ್ಲದವರಿಗೆ ಕತೆ ಇಷ್ಟು. ಮೂರು ಮಕ್ಕಳ ತಾಯಿ ಎರಿನ್. ಗಂಡ ಜೊತೆಗಿಲ್ಲ, ಕೈಯಲ್ಲಿ ಕೆಲಸವಿಲ್ಲ, ಕಾನೂನು ಓದಿಲ್ಲ. ಹಟ ಹಿಡಿದು ಒಬ್ಬ ವಕೀಲನ ಆಫೀಸಿನಲ್ಲಿ ಫೈಲ್ ಜೋಡಿಸುವ ಕೆಲಸಕ್ಕೆ ಸೇರುತ್ತಾಳೆ. ಮನೆ ಮಾರಾಟದ ಫೈಲಿನೊಳಗೆ ಆಸ್ಪತ್ರೆಯ ಕಾಗದ ಯಾಕಿದೆ ಅಂತ ಅನುಮಾನ ಬಂದು, ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿರುವ ಹಿಂಕ್ಲಿ ಎಂಬ ಸಣ್ಣ ಊರಿಗೆ ಹೋಗುತ್ತಾಳೆ. ಅಲ್ಲಿ ಊರಿನವರ ಬಾವಿ ನೀರಿಗೆ ಕ್ರೋಮಿಯಂ ಸೇರಿರುವುದು ಗೊತ್ತಾಗುತ್ತದೆ.

ಇದು ಕಟ್ಟುಕತೆಯಲ್ಲ. ಪೆಸಿಫಿಕ್ ಗ್ಯಾಸ್ ಅಂಡ್ ಎಲೆಕ್ಟ್ರಿಕ್ ಕಂಪನಿಯ ಗ್ಯಾಸ್ ಕಂಪ್ರೆಸರ್ ಸ್ಟೇಷನ್ ಹಿಂಕ್ಲಿಯಲ್ಲಿದೆ. ಅಲ್ಲಿನ ಕೂಲಿಂಗ್ ಟವರುಗಳಿಗೆ ತುಕ್ಕು ಹಿಡಿಯಬಾರದು ಅಂತ ನೀರಿಗೆ ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂ-6, ಬೆರೆಸುತ್ತಿದ್ದರು. 1952ರಿಂದ 1960ರ ದಶಕದ ಮಧ್ಯದವರೆಗೆ ಆ ನೀರನ್ನು ತಳಕ್ಕೆ ಯಾವ ಹೊದಿಕೆಯೂ ಇಲ್ಲದ ಹೊಂಡಗಳಿಗೆ ಬಿಟ್ಟರು. ಹೊಂಡದಿಂದ ನೆಲಕ್ಕೆ, ನೆಲದಿಂದ ಬಾವಿಗೆ ಇಳಿಯಿತು. 600ಕ್ಕೂ ಹೆಚ್ಚು ಜನ ಸೇರಿ ಹಾಕಿದ ಕೇಸು 1996ರಲ್ಲಿ 33.3 ಕೋಟಿ ಡಾಲರಿಗೆ ರಾಜಿಯಾಯಿತು.

ಸಿನಿಮಾ ನನಗೂ ಇಷ್ಟ. ಮೂರು ಸಲ ನೋಡಿದ್ದೇನೆ. ಆದರೆ ಮೂರನೇ ಸಲ ನೋಡುವಾಗ ಒಂದು ಕಡೆ ಸಿಕ್ಕಿಹಾಕಿಕೊಂಡೆ. ಎರಿನ್ ನೀರಿಗಿಳಿದು ಸಾಕ್ಷ್ಯ ಕಲೆ ಹಾಕುತ್ತಾಳೆ. ಜಾಡಿಯಲ್ಲಿ ನೀರು ತುಂಬಿಕೊಳ್ಳುತ್ತಾಳೆ, ಸತ್ತ ಕಪ್ಪೆಯೊಂದನ್ನೂ ಎತ್ತಿಕೊಳ್ಳುತ್ತಾಳೆ. ಸಿನಿಮಾ ನೋಡಿ ಹತ್ತು ವರ್ಷ ಆದವರನ್ನು ಕೇಳಿ ನೋಡಿ, ಸಾಕ್ಷ್ಯ ಅಂದರೆ ಈ ಕಪ್ಪೆಯೇ ನೆನಪಾಗುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ಕಾರ್ಖಾನೆಯ ಲೋಹ ನೀರಿಗೆ ಸೇರಿದೆ ಅಂತ ಸಾಬೀತು ಮಾಡುವ ಕೆಲಸ ಎಂಥದ್ದು ಅನ್ನುವುದನ್ನು ಈ ಸಿನಿಮಾ ನಮ್ಮ ತಲೆಯಲ್ಲಿ ತಪ್ಪಾಗಿ ಕೂರಿಸಿದೆ. ಇಪ್ಪತ್ತು ವರ್ಷ ದಾಟಿದರೂ ಅದು ಇಳಿದಿಲ್ಲ.

ಆ ಕೆಲಸ ಹೇಗಿರುತ್ತದೆ ಅಂತ ನಾನು ಒಂದು ಶನಿವಾರ ಕಣ್ಣಾರೆ ನೋಡಿದ್ದೆ. ನಮ್ಮ ಚಿಕ್ಕಪ್ಪನ ಮಗ ಜಿಯಾಲಜಿಯಲ್ಲಿ ಎಂಎಸ್ಸಿ ಮಾಡಿ ನೀರು, ಮಣ್ಣಿನ ಸ್ಯಾಂಪಲ್ ತೆಗೆಯುವ ಕೆಲಸದಲ್ಲಿದ್ದಾನೆ. ಊರಲ್ಲಿ ‘ಬಾಟ್ಲಿ ಇಂಜಿನಿಯರ್’ ಅಂತ ರೇಗಿಸ್ತಾರೆ. ಅವನ ಜೊತೆ ಬರಬೇಕಿದ್ದ ಹುಡುಗನಿಗೆ ಜ್ವರ ಅಂತ, ‘ಕಾರ್ ತಗೊಂಡು ಬಾರಣ್ಣ, ಒಂದಿನ’ ಅಂದ. ಬೆಂಗಳೂರಿನ ಹೊರಗೆ ಮಾರಾಟಕ್ಕಿದ್ದ ಹಳೇ ಕಾರ್ಖಾನೆಯ ಜಾಗ. ಕೊಳ್ಳುವವರು ದುಡ್ಡು ಕೊಡುವ ಮೊದಲು ನೆಲದ ಕೆಳಗೆ ಏನಿದೆ ಅಂತ ಪರೀಕ್ಷೆ ಮಾಡಿಸುತ್ತಿದ್ದರು. ಅಲ್ಲಿ ಕುಡಿಯೋಕೆ ಕೊರೆದ ಬೋರ್‌ವೆಲ್ ಲೆಕ್ಕಕ್ಕಿಲ್ಲ. ಪರೀಕ್ಷೆಗೆಂದೇ ಕೊರೆದ, ಮುಚ್ಚಳ ಬೀಗ ಇರುವ, ತೆಳ್ಳಗಿನ ಪ್ಲಾಸ್ಟಿಕ್ ಪೈಪಿನ ಬಾವಿಗಳು. ಮಾನಿಟರಿಂಗ್ ಬಾವಿ ಅಂತಾರೆ.

ಬೀಗ ತೆಗೆದ ಕೂಡಲೇ ನಾನು ಪೈಪಿಗೆ ಕೈ ಹಾಕಲು ಹೋದೆ.

‘ಅಣ್ಣ, ಮುಟ್ಟಬೇಡ. ಸನ್‌ಸ್ಕ್ರೀನ್ ಹಚ್ಕೊಂಡಿದೀಯ.’

‘ಸನ್‌ಸ್ಕ್ರೀನಿಗೂ ಬಾವಿ ನೀರಿಗೂ ಏನೋ ಸಂಬಂಧ?’

‘ಅದ್ರಲ್ಲಿ ಜಿಂಕ್ ಇರ್ತದೆ. ನಾಳೆ ರಿಪೋರ್ಟಲ್ಲಿ ಜಿಂಕ್ ಬಂದ್ರೆ ಅದು ಫ್ಯಾಕ್ಟ್ರೀದೋ ನಿಂದೋ ಅಂತ ಯಾರು ಹೇಳ್ತಾರೆ?’

ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದರೆ ಅಜ್ಜಿ ಬೈಯುತ್ತಿದ್ದಳಲ್ಲ, ಹಾಗೆ. ಇಲ್ಲಿ ಲೆಕ್ಕ ನಡೆಯುವುದು ಪಿಪಿಬಿಯಲ್ಲಿ. ಒಂದು ಲೀಟರಿನಲ್ಲಿ ಒಂದು ಮೈಕ್ರೋಗ್ರಾಂ ಇದ್ದರೆ ಒಂದು ಪಿಪಿಬಿ. ಕುಡಿಯುವ ನೀರಿನಲ್ಲಿ ಸೀಸಕ್ಕೆ ನಮ್ಮ ಬಿಐಎಸ್ ಇಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಪಿಪಿಬಿ. ಕ್ಯಾಡ್ಮಿಯಂಗೆ 3. ಪಾದರಸಕ್ಕೆ 1. ಇಷ್ಟು ಸಣ್ಣ ಅಳತೆಯಲ್ಲಿ ಕೈಯ ಬೆವರು, ರಸ್ತೆಯ ಧೂಳು, ತಗಡಿನ ಬಕೆಟ್ ಎಲ್ಲವೂ ಉತ್ತರ ಕೆಡಿಸಬಲ್ಲವು. ಭೂಮಿಯ ವಯಸ್ಸು ಕಂಡುಹಿಡಿದ ಕ್ಲೇರ್ ಪ್ಯಾಟರ್ಸನ್ ಹೆಸರು ನೀವು ಕೇಳಿರಬಹುದು. ಸೀಸದ ಅಳತೆ ಸರಿಯಾಗಿ ಬರಬೇಕಾದರೆ ಮೊದಲು ತನ್ನ ಲ್ಯಾಬಿನ ಗಾಳಿ, ಪಾತ್ರೆ, ಧೂಳಿನಲ್ಲೇ ತುಂಬಿದ್ದ ಸೀಸದ ಜೊತೆ ಆತ ವರ್ಷಗಟ್ಟಲೆ ಗುದ್ದಾಡಬೇಕಾಯಿತು.

ತಮ್ಮ ಮೊದಲು ಮಾಡಿದ್ದು ಎಲ್ಲ ಬಾವಿಗಳ ನೀರಿನ ಮಟ್ಟ ಅಳೆಯುವುದು. ಭೂಮಿಯ ಒಳಗೂ ನೀರು ಇಳಿಜಾರಿನ ಕಡೆ ಹರಿಯುತ್ತದೆ, ಬಲು ನಿಧಾನವಾಗಿ. ಯಾವ ಕಡೆ ಅಂತ ಗೊತ್ತಾಗಲು ಕನಿಷ್ಠ ಮೂರು ಬಾವಿ ಬೇಕು. ಕಾರ್ಖಾನೆಗೆ ಬರುವ ನೀರಿನದ್ದೊಂದು, ಕಾರ್ಖಾನೆ ದಾಟಿ ಹೋಗುವ ನೀರಿನದ್ದು ಮಿಕ್ಕವು. ಮೇಲ್ಗಡೆಯ ಬಾವಿಯಲ್ಲೂ ಅಷ್ಟೇ ಲೋಹ ಇದ್ದರೆ ಅದು ಕಲ್ಲಿನ ಗುಣ ಇರಬಹುದು, ಪಕ್ಕದ ಕಾರ್ಖಾನೆಯದ್ದೂ ಇರಬಹುದು.

ಆಮೇಲೆ ಪಂಪು ಇಳಿಸಿದ. ನಿಮಿಷಕ್ಕೆ ಅರ್ಧ ಲೀಟರಿಗಿಂತ ಕಡಿಮೆ ನೀರು, ಸಣ್ಣ ನಳಿಕೆಯಲ್ಲಿ. ತುಂಬಿಕೊಳ್ಳೋದು ಬಿಟ್ಟು ಚೆಲ್ಲುತ್ತಾ ಕೂತ. ಪೈಪಿನಲ್ಲಿ ನಿಂತ ನೀರು ಗಾಳಿ ಕುಡಿದಿರುತ್ತದೆ, ಪೈಪಿನ ಸಹವಾಸ ಮಾಡಿರುತ್ತದೆ. ಅದು ಹೇಳುವುದು ಪೈಪಿನ ಕತೆ, ನೆಲದ ಕತೆ ಬೇಕಾದರೆ ಕಾಯಬೇಕು. ಕೆಲವು ನಿಮಿಷಕ್ಕೊಮ್ಮೆ ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ, ಬಗ್ಗಡ ಎಲ್ಲ ಬರೆದುಕೊಂಡ. ಸತತ ಮೂರು ಸಲ ಅಂಕಿಗಳು ಹೆಚ್ಚುಕಮ್ಮಿ ಒಂದೇ ಬಂದ ಮೇಲೆ ಬಾಟಲಿ ತೆಗೆದ. ಅಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಇದು ಒಂದು ಬಾವಿಗೆ.

ಪಂಪು ಜೋರಾಗಿ ಓಡಿಸಿ ಬೇಗ ಮುಗಿಸಬಾರದಾ ಅಂದೆ. ‘ಜೋರಾಗಿ ಎಳೆದ್ರೆ ಕೆಸರು ಏಳ್ತದೆ. ಜೇಡಿಗೆ ಕಬ್ಬಿಣ, ಮ್ಯಾಂಗನೀಸ್, ಕ್ರೋಮಿಯಂ ಎಲ್ಲ ಅಂಟ್ಕೊಂಡಿರ್ತವೆ. ಆಮೇಲೆ ನೀರಲ್ಲಿ ಲೋಹ ಇದೆ ಅಂತ ಬರ್ತದೆ. ಇರೋದು ಕೆಸರಲ್ಲಿ’ ಅಂದ. ಅದಕ್ಕೇ ಒಂದು ಬಾಟಲಿಯ ನೀರನ್ನು ಅಲ್ಲೇ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ತಂದ. ಆಮ್ಲ ಹಾಕದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿಕೊಂಡು ಲ್ಯಾಬಿನಲ್ಲಿ ಕಡಿಮೆ ತೋರಿಸುತ್ತದೆ. ಸೋಸುವ ಮೊದಲೇ ಹಾಕಿದರೆ ಕೆಸರಿನ ಲೋಹವೂ ಕರಗಿ ಜಾಸ್ತಿ ತೋರಿಸುತ್ತದೆ. ಒಂದೇ ನೀರು, ಒಂದೇ ಆಮ್ಲ. ಹಿಂದುಮುಂದಾದರೆ ಉತ್ತರವೇ ಬೇರೆ.

ಕ್ರೋಮಿಯಂ-6ಕ್ಕೆ ಇನ್ನೊಂದು ಬಾಟಲಿ. ಅದಕ್ಕೆ ಆ ಆಮ್ಲ ಹಾಕುವ ಹಾಗಿಲ್ಲ, ಹಾಕಿದರೆ ಕ್ರೋಮಿಯಂ-6 ದಾರಿಯಲ್ಲೇ ಕ್ರೋಮಿಯಂ-3 ಆಗಿಬಿಡಬಹುದು. ವಿಷದ್ದು 6, ಸಾಧುವಿನಂಥದ್ದು 3. ಹಾಗಾಗಿ ಐಸ್ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಲ್ಯಾಬಿನಲ್ಲಿ ಪರೀಕ್ಷೆ ಮುಗಿಯಬೇಕು. ಬೇರೆ ದ್ರಾವಣ ಬೆರೆಸಿ ಹೆಚ್ಚು ದಿನ ಇಡುವ ವಿಧಾನವೂ ಇದೆ, ಆದರೆ ಅಲ್ಲೂ ಪಿಎಚ್ ಲೆಕ್ಕ ತಪ್ಪಬಾರದು.

ಜೊತೆಗೆ ಒಂದು ಬಾಟಲಿಗೆ ಲ್ಯಾಬಿನಿಂದ ತಂದ ಶುದ್ಧ ನೀರನ್ನೇ ಅಲ್ಲಿ ನಿಂತು ತುಂಬಿಸಿದ. ಅದರಲ್ಲೂ ಲೋಹ ಬಂದರೆ ತಪ್ಪು ನಮ್ಮ ಕೈಯದ್ದು, ಬಾವಿಯದ್ದಲ್ಲ. ಇನ್ನೊಂದು ಬಾಟಲಿಗೆ ಅದೇ ಬಾವಿಯ ನೀರು ತುಂಬಿಸಿ ಇಲ್ಲದ ಬಾವಿಯ ಹೆಸರು ಬರೆದ. ಎರಡೂ ಒಂದೇ ನೀರು ಅಂತ ಲ್ಯಾಬಿನವರಿಗೆ ಗೊತ್ತಿರೋದಿಲ್ಲ. ಅವರ ಉತ್ತರ ಎರಡಕ್ಕೂ ಒಂದೇ ಬರುತ್ತದಾ ನೋಡೋಣ ಅಂತ. ಟೆಸ್ಟ್ ಮಾಡುವವರಿಗೇ ಟೆಸ್ಟ್! ನಮ್ಮ ಪ್ರಾಜೆಕ್ಟುಗಳಲ್ಲಿ ಇಷ್ಟು ಶಿಸ್ತು ಇದ್ದಿದ್ದರೆ ಎಷ್ಟು ರಾತ್ರಿ ನಿದ್ದೆ ಉಳಿಯುತ್ತಿತ್ತೋ. ಕೊನೆಗೆ ಒಂದು ಫಾರಂ. ಯಾರು ತೆಗೆದದ್ದು, ಎಷ್ಟು ಗಂಟೆಗೆ, ಯಾರ ಕೈಗೆ ಕೊಟ್ಟದ್ದು, ಅವರು ಯಾವಾಗ ಇಸಕೊಂಡದ್ದು, ಎಲ್ಲಕ್ಕೂ ಸಹಿ. ಬಾಟಲಿ ಒಂದು ಗಂಟೆ ಯಾರ ವಶದಲ್ಲೂ ಇರಲಿಲ್ಲ ಅಂತಾದರೆ ಅಷ್ಟೂ ದಿನದ ಕೆಲಸ ದಂಡ.

ಈಗ ಎರಿನ್‌ಳ ಜಾಡಿಗೆ ಬನ್ನಿ. ಎದುರು ಪಕ್ಷದ ವಕೀಲ ಏನೇನು ಕೇಳಬಹುದು? ಇದು ಬಾವಿಯ ನೀರೋ, ಮೇಲೆ ನಿಂತ ನೀರೋ? ಜಾಡಿಯಲ್ಲಿ ಮೊದಲು ಏನಿತ್ತು? ಕಪ್ಪೆ ಸತ್ತದ್ದು ಕ್ರೋಮಿಯಂನಿಂದಲೋ, ಬಿಸಿಲಿಗೋ? ಕಾರ್ಖಾನೆಗೆ ಮೇಲ್ಗಡೆ ಇರುವ ಕಪ್ಪೆಗಳು ಚೆನ್ನಾಗಿವೆಯೋ? ಒಂದಕ್ಕೂ ಉತ್ತರವಿಲ್ಲ. ಜನರಿಗೆ ಅನುಕಂಪ ಹುಟ್ಟಿಸಲು ಕಪ್ಪೆ ಸಾಕು, ಕಂಪನಿಯನ್ನು ಕಟ್ಟಿಹಾಕಲು ಸಾಲದು.

ನ್ಯಾಯವಾಗಿ ಹೇಳಬೇಕು ಅಂದರೆ, ಕಪ್ಪೆಯಿಂದಲೇ ಕೇಸು ಗೆದ್ದರು ಅಂತ ಸಿನಿಮಾ ಹೇಳುವುದಿಲ್ಲ. ಎರಿನ್ ಜಲ ಮಂಡಳಿಯ ಆಫೀಸಿಗೆ ಹೋಗಿ, ಅಲ್ಲಿನ ಹುಡುಗನನ್ನು ಮಾತಿನಲ್ಲೇ ಒಲಿಸಿಕೊಂಡು, ಧೂಳು ಹಿಡಿದ ಕಾಗದಗಳನ್ನು ಜೆರಾಕ್ಸ್ ಮಾಡಿಸುತ್ತಾಳೆ. ಸಿನಿಮಾದ ತೂಕದ ಭಾಗ ಇದೇ. ಆ ಕಾಗದದಲ್ಲಿದ್ದ ಅಂಕಿ ಎಲ್ಲಿಂದ ಬಂತು? 1987ರ ಡಿಸೆಂಬರಿನಲ್ಲಿ ಕಂಪನಿಯೇ ಜಲ ಮಂಡಳಿಗೆ ತಿಳಿಸಿತ್ತು: ಹೊಂಡಗಳ ಉತ್ತರಕ್ಕಿರುವ ಮಾನಿಟರಿಂಗ್ ಬಾವಿಯೊಂದರಲ್ಲಿ ಕುಡಿಯುವ ನೀರಿನ ಮಿತಿಯ ಹತ್ತು ಪಟ್ಟಿನಷ್ಟು ಕ್ರೋಮಿಯಂ-6 ಸಿಕ್ಕಿದೆ ಅಂತ. ಎರಿನ್ ಆ ಊರಿಗೆ ಕಾಲಿಡುವುದಕ್ಕೆ ಎಷ್ಟೋ ಮುಂಚೆ ಯಾರೋ ಒಬ್ಬರು ಆ ಬಾವಿಯ ಬೀಗ ತೆಗೆದಿದ್ದರು, ಬಾಟಲಿಗೆ ಚೀಟಿ ಅಂಟಿಸಿದ್ದರು, ಫಾರಂಗೆ ಸಹಿ ಹಾಕಿದ್ದರು. ಅವರು ಯಾರು, ಕಂಪನಿಯ ನೌಕರರೋ ಗುತ್ತಿಗೆಯವರೋ, ಸಿನಿಮಾಗೆ ಬೇಕಾಗಿಲ್ಲ. ಆ ಅಂಕಿಯನ್ನು ಕಂಪನಿ ಅಲ್ಲಗಳೆಯುವ ಹಾಗಿರಲಿಲ್ಲ, ಯಾಕೆಂದರೆ ಅದನ್ನು ಕೊಟ್ಟದ್ದೇ ಕಂಪನಿ. ಕೇಸಿಗೆ ಬೆನ್ನೆಲುಬು ಕೊಟ್ಟ ಕೆಲಸ ಸಿನಿಮಾದ ಹೊರಗೇ ಉಳಿದುಬಿಟ್ಟಿದೆ.

ಇನ್ನೊಂದು ಪಾತ್ರ ನೋಡಿ. ದೊಡ್ಡ ವಕೀಲರ ಕಡೆಯಿಂದ ತೆರೀಸಾ ಎಂಬ ಹೆಣ್ಣುಮಗಳು ಬರುತ್ತಾಳೆ. ಅಚ್ಚುಕಟ್ಟು ಸೂಟು, ಒಣ ಮಾತು, ದಿನಾಂಕ ಕೇಳುತ್ತಾಳೆ, ವಿವರ ಕೇಳುತ್ತಾಳೆ. ಊರಿನವರು ಅವಳ ಹತ್ತಿರ ಬಾಯಿ ಬಿಡುವುದಿಲ್ಲ. ಎರಿನ್‌ಳಿಗೆ ಎಲ್ಲರ ಹೆಸರು, ಮಕ್ಕಳ ಕಾಯಿಲೆ, ಫೋನ್ ನಂಬರ್ ಬಾಯಿಪಾಠ. ಅವಳ ಮುಂದೆ ತೆರೀಸಾ ನಗೆಪಾಟಲು. ನಾವೂ ನಕ್ಕೆವು. ಹಳ್ಳಿಯಿಂದ ಬಂದ ನನ್ನಂಥವನಿಗೆ ಈ ದೃಶ್ಯ ಇನ್ನೂ ಖುಷಿ ಕೊಡುತ್ತದೆ, ಯಾಕೆಂದರೆ ಫಾರಂ ಹಿಡಿದು ಬಂದು ಮುಖ ನೋಡದೆ ಪ್ರಶ್ನೆ ಕೇಳುವ ಆಫೀಸರುಗಳನ್ನು ನಾವು ಚಿಕ್ಕಂದಿನಿಂದ ಕಂಡಿದ್ದೇವೆ. ಆದರೆ ಈ ನಗುವಿನಲ್ಲಿ ಸಿನಿಮಾ ಒಂದು ಮೋಸ ಮಾಡುತ್ತದೆ. ಪ್ರೀತಿ ಇದ್ದವರಿಗೆ ಕಾಗದ ಬೇಡ, ಕಾಗದ ಕೇಳುವವರಿಗೆ ಪ್ರೀತಿ ಇಲ್ಲ ಅನ್ನುವ ಹಾಗೆ ಇಬ್ಬರನ್ನು ಎದುರುಬದುರು ನಿಲ್ಲಿಸುತ್ತದೆ. ನನ್ನ ತಮ್ಮನ ಫಾರಂ ತೆರೀಸಾಳ ಫಾರಂಗಿಂತ ಒಣ. ಆ ಊರಿನ ಮಗುವಿನ ಪರವಾಗಿ ಕೋರ್ಟಿನಲ್ಲಿ ನಿಲ್ಲುವುದು ಆ ಒಣ ಫಾರಂ.

‘ಸಿನಿಮಾ ಅಂದ್ರೆ ಸಿನಿಮಾ ಕಣಯ್ಯ, ಮುಕ್ಕಾಲು ಗಂಟೆ ಪಂಪು ತೋರಿಸಿದ್ರೆ ಯಾರು ನೋಡ್ತಾರೆ?’ ಅಂತ ನೀವು ಕೇಳಬಹುದು. ಸರಿ. ಆದರೆ ಜೆರಾಕ್ಸ್ ಮಾಡುವುದನ್ನೇ ನೋಡುವ ಹಾಗೆ ಮಾಡಿದ ನಿರ್ದೇಶಕರಿಗೆ ಇದು ಕಷ್ಟವಾಗುತ್ತಿತ್ತಾ? ಅಂಕಿ ನಿಲ್ಲುತ್ತದಾ ಇಲ್ಲವಾ ಅಂತ ಮೀಟರು ನೋಡುತ್ತಾ ಕೂರುವುದರಲ್ಲಿ ಕುತೂಹಲ ಇಲ್ಲವಾ? ಐಸ್ ಕರಗುತ್ತಿದೆ, 24 ಗಂಟೆಯಲ್ಲಿ ಹತ್ತು ಗಂಟೆ ಕಳೆದಿದೆ, ಮರುಭೂಮಿಯ ರಸ್ತೆ, ಲ್ಯಾಬು ದೂರ. ಇದಕ್ಕಿಂತ ಒಳ್ಳೆ ಥ್ರಿಲ್ಲರ್ ಬೇಕಾ? ಬೇಕಾದ್ದೆಲ್ಲ ಇತ್ತು, ಎತ್ತಿಕೊಳ್ಳಲಿಲ್ಲ.

ಸಿನಿಮಾ ಒಂದು ಕಡೆ ಮಾತ್ರ ಸತ್ಯದ ತೀರ ಹತ್ತಿರ ಬರುತ್ತದೆ. ಕಂಪನಿಯ ವಕೀಲರು ಮಾತುಕತೆಗೆ ಬಂದಾಗ ಮೇಜಿನ ಮೇಲೆ ನೀರಿನ ಲೋಟ ಇರುತ್ತದೆ. ಅವರ ಕಡೆಯ ವಕೀಲೆ ಕುಡಿಯಲು ಲೋಟ ಎತ್ತುತ್ತಾಳೆ. ಈ ನೀರು ಹಿಂಕ್ಲಿಯ ಬಾವಿಯದ್ದು ಅಂತ ಎರಿನ್ ಹೇಳಿದ್ದೇ, ಲೋಟ ಕೆಳಗಿಳಿಯುತ್ತದೆ. ಲೋಟದಲ್ಲಿ ಬಣ್ಣವಿಲ್ಲ, ವಾಸನೆಯಿಲ್ಲ, ಕಪ್ಪೆಯಿಲ್ಲ. ಕಣ್ಣಿಗೆ ಕಾಣದ್ದಕ್ಕೆ ಒಬ್ಬಳು ಹೆದರುವುದನ್ನು ಮಾತ್ರ ನಾವು ನೋಡುತ್ತೇವೆ. ನಮ್ಮೂರಲ್ಲಿ ಬೇಳೆ ಚೆನ್ನಾಗಿ ಬೆಂದರೆ ಒಳ್ಳೆ ನೀರು ಅಂತಿದ್ದರು. ಸೆಡುಸು ನೀರಿಗೆ ಆ ಪರೀಕ್ಷೆ ಸರಿ. ಕ್ರೋಮಿಯಂ ಇದ್ದರೂ ಬೇಳೆ ಬೇಯುತ್ತದೆ, ಸೊಗಸಾಗಿ ಬೇಯುತ್ತದೆ.

ಸಿನಿಮಾ ಚೆಕ್ಕು ಕೊಡುವಲ್ಲಿಗೆ ಮುಗಿಯುತ್ತದೆ. ಹಿಂಕ್ಲಿ ಮುಗಿಯಲಿಲ್ಲ. ಆಮೇಲಿನ ಜಗಳವೆಲ್ಲ ಒಂದೇ ಪ್ರಶ್ನೆಯದ್ದು: ಈ ಮರುಭೂಮಿಯ ನೀರಿನಲ್ಲಿ ಕಾರ್ಖಾನೆ ಇಲ್ಲದಿದ್ದರೂ ಎಷ್ಟು ಕ್ರೋಮಿಯಂ-6 ಇರುತ್ತಿತ್ತು? ಅಲ್ಲಿನ ಕಲ್ಲಿನಲ್ಲೇ ಕ್ರೋಮಿಯಂ ಇದೆ, ಒಂದಿಷ್ಟು ತಾನಾಗೇ ನೀರಿಗೆ ಇಳಿಯುತ್ತದೆ. 2007ರಲ್ಲಿ ಕಂಪನಿಯ ಅಧ್ಯಯನ ಹೇಳಿದ್ದು 3.1 ಪಿಪಿಬಿವರೆಗೆ ಸಹಜ ಅಂತ. ಅದಕ್ಕಿಂತ ಹೆಚ್ಚಿದ್ದರೆ ಕಂಪನಿಯ ಹೊಣೆ, ಕಡಿಮೆ ಇದ್ದರೆ ದೇವರ ಹೊಣೆ. ನಿಮ್ಮ ಮನೆಯ ಬಾವಿ ಗೆರೆಯ ಈ ಕಡೆಯೋ ಆ ಕಡೆಯೋ ಅನ್ನುವುದರ ಮೇಲೆ ಎಲ್ಲ ನಿಂತಿತ್ತು. ಸ್ಯಾಂಪಲ್ ತೆಗೆಯಲು ಯಾವ ಬಾವಿಗಳನ್ನು ಆರಿಸಿದರು, ಹೇಗೆ ಲೆಕ್ಕ ಹಾಕಿದರು ಅಂತ ಆ ಅಧ್ಯಯನದ ಮೇಲೆ ಪ್ರಶ್ನೆಗಳು ಎದ್ದವು. ಕಡೆಗೆ ಅಮೆರಿಕದ ಭೂಗರ್ಭ ಸರ್ವೇ ಇಲಾಖೆಯ ವಿಜ್ಞಾನಿಗಳು ಮತ್ತೆ ಮೊದಲಿನಿಂದ ಸ್ಯಾಂಪಲ್ ತೆಗೆದರು. ಅವರ ವರದಿ ಹೊರಬಂದದ್ದು 2023ರಲ್ಲಿ. ಅಷ್ಟರಲ್ಲಿ ಎಷ್ಟೋ ಕುಟುಂಬಗಳು ಮನೆಯನ್ನು ಕಂಪನಿಗೇ ಮಾರಿ ಹೊರಟುಹೋಗಿದ್ದವು. ಊರಿನ ಶಾಲೆ 2013ರಲ್ಲೇ ಮುಚ್ಚಿತ್ತು. ಸಿನಿಮಾ ಬಂದು 23 ವರ್ಷ, ಆಸ್ಕರ್ ಬಂದು 22. ‘ಸಹಜ ಎಷ್ಟು’ ಅನ್ನುವ ಪ್ರಶ್ನೆಗೆ ಒಪ್ಪುವಂಥ ಸ್ಯಾಂಪಲ್ ಸಿಗಲು ಅಷ್ಟು ಕಾಲ ಹಿಡಿಯಿತು. ಇದು ಯಾವ ಹೀರೋಯಿನ್ ಕೈಲೂ ಆಗುವ ಕೆಲಸ ಆಗಿರಲಿಲ್ಲ.

ಇದೆಲ್ಲ ಅಮೆರಿಕದ್ದು, ನಮಗ್ಯಾಕೆ ಅಂತೀರಾ? ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದನ್ನು ಸರ್ಕಾರಿ ಸಂಸ್ಥೆಗಳೇ ದಾಖಲಿಸಿವೆ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಗೆ ಹೆಸರಾದ ಜಾಗ ಅದು. ಅಲ್ಲಿಂದ ಮೆಟ್ರೋ ಹತ್ತಿ ಬರುವವರು ನಮ್ಮಲ್ಲೇ ಎಷ್ಟು ಮಂದಿ ಇದ್ದಾರೆ. ನಮ್ಮಲ್ಲಿ ಕೆಲಸ ಹಿಂಕ್ಲಿಗಿಂತ ಕಷ್ಟ. ಅಲ್ಲಿಯದ್ದು ನದಿ ತಂದು ಹಾಕಿದ ಮರಳು, ಜಲ್ಲಿಯ ನೆಲ. ಇಲ್ಲಿ ಗಟ್ಟಿ ಕಲ್ಲು, ನೀರು ಹರಿಯುವುದು ಬಿರುಕುಗಳಲ್ಲಿ. ಸಾವಿರ ಅಡಿ ಬೋರ್‌ವೆಲ್ ಅಂದರೆ ಹಲವು ಬಿರುಕುಗಳ ನೀರು ಒಂದೇ ಪೈಪಿನಲ್ಲಿ ಬೆರೆತು ಮೇಲೆ ಬರುತ್ತದೆ. ಒಂದು ಬಿರುಕಿನಲ್ಲಿ ವಿಷ ಇದ್ದು ಮಿಕ್ಕವು ಚೆನ್ನಾಗಿದ್ದರೆ, ಬೆರಕೆ ಸ್ಯಾಂಪಲ್ ‘ಪರವಾಗಿಲ್ಲ’ ಅನ್ನುತ್ತದೆ. ಪಕ್ಕದಲ್ಲಿ ಇನ್ನೂರು ಅಡಿಯ ಹಳೇ ಕೈಪಂಪು ಇದ್ದರೆ ಅದು ಬೇರೆ ಉತ್ತರ ಕೊಡಬಹುದು. ಕೈಪಂಪಿನ ಪೈಪು ಜಿಂಕ್ ಲೇಪಿಸಿದ ಜಿಐ ಪೈಪಾದರೆ ಅದರ ಲೋಹವೂ ನೀರಿಗೆ ಸೇರಿರಬಹುದು.

ನಮ್ಮ ಕಾನೂನಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. 1974ರ ಜಲ ಮಾಲಿನ್ಯ ಕಾಯ್ದೆ ‘ಹೊಳೆ’ ಅನ್ನುವ ಪದದೊಳಗೆ ಅಂತರ್ಜಲವನ್ನೂ ಸೇರಿಸಿದೆ. ಅದರ 21ನೇ ಕಲಮು ಸ್ಯಾಂಪಲ್ ತೆಗೆಯುವ ಬಗ್ಗೆ. ಕಾರ್ಖಾನೆಯಿಂದ ಹೊರಬರುವ ಕೊಳಚೆ ನೀರಿನ ಸ್ಯಾಂಪಲ್ ತೆಗೆಯುವಾಗ ಕಾರ್ಖಾನೆಯವರಿಗೆ ಅಲ್ಲೇ ನೋಟಿಸ್ ಕೊಡಬೇಕು, ಅವರ ಎದುರಿಗೆ ಎರಡು ಪಾಲು ಮಾಡಬೇಕು, ಸೀಲು ಹಾಕಿ ಇಬ್ಬರೂ ಸಹಿ ಮಾಡಬೇಕು. ಈ ವಿಧಾನ ಪಾಲಿಸದಿದ್ದರೆ ಪರೀಕ್ಷೆಯ ಫಲಿತಾಂಶ ಕೋರ್ಟಿನಲ್ಲಿ ಸಾಕ್ಷ್ಯವೇ ಆಗುವುದಿಲ್ಲ. ನೀರಿನಲ್ಲಿ ಎಷ್ಟೇ ವಿಷ ಇರಲಿ. ಊರಿನ ಹುಡುಗರು ಸಿಟ್ಟಿನಲ್ಲಿ ಕೋಲಾ ಬಾಟಲಿಯಲ್ಲಿ ತುಂಬಿಕೊಂಡು ಬಂದ ನೀರು ಟಿವಿಗೆ ಆಗುತ್ತದೆ, ಕೇಸಿಗೆ ಆಗುವುದಿಲ್ಲ. ಕೆಟ್ಟ ಸ್ಯಾಂಪಲ್ಲಿಗಿಂತ ಒಳ್ಳೆ ಗೆಳೆಯ ಕಾರ್ಖಾನೆಯವನಿಗೆ ಇಲ್ಲ. ಜಾಸ್ತಿ ತೋರಿಸಿದರೆ ‘ಕೆಸರು ಸೇರಿದೆ’ ಅಂತ ತಳ್ಳಿಹಾಕಬಹುದು, ಕಡಿಮೆ ತೋರಿಸಿದರೆ ಫ್ರೇಮು ಹಾಕಿ ಗೋಡೆಗೆ ನೇತುಹಾಕಬಹುದು.

ಊರಿನ ಹುಡುಗರನ್ನು ಬಿಡಿ, ಓದಿದವರು ನಾವು ಏನು ಮಾಡ್ತಿದ್ದೇವೆ? ಟ್ಯಾಂಕರ್ ಬಂದ ಕೂಡಲೇ ಟಿಡಿಎಸ್ ಮೀಟರ್ ಅದ್ದಿ, ಫೋಟೋ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇವೆ. ‘310 ಬಂದಿದೆ, ಗುಡ್ ವಾಟರ್.’ ಆ ಮೀಟರು ಅಳೆಯುವುದು ನೀರಿನ ವಿದ್ಯುತ್ ವಾಹಕತೆ, ತೋರಿಸುವುದು ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ. ಕ್ರೋಮಿಯಂಗೆ ಬಿಐಎಸ್ ಮಿತಿ 0.05 ಮಿಲಿಗ್ರಾಂ. ಮಿತಿಯ ಹತ್ತು ಪಟ್ಟು ಇದ್ದರೂ ಅರ್ಧ ಮಿಲಿಗ್ರಾಂ ಆಯಿತು, 310 ಅನ್ನುವ ಅಂಕಿ ಅಲುಗಾಡುವುದಿಲ್ಲ. ಅಕ್ಕಿಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ. ನಮ್ಮ ಟಿಡಿಎಸ್ ಮೀಟರು, ಎರಿನ್‌ಳ ಕಪ್ಪೆ ಎರಡೂ ಒಂದೇ ಜಾತಿ. ಏನೋ ಮಾಡಿದೆವು ಅನ್ನುವ ಸಮಾಧಾನ ಕೊಡುತ್ತವೆ.

ಹಾಗಂತ ಎರಿನ್ ಬೇಡವಾ? ಬೇಕು. ಹಿಂಕ್ಲಿಯ ಆ ಕಾಗದ ಎಷ್ಟೋ ವರ್ಷ ಜಲ ಮಂಡಳಿಯ ಕಪಾಟಿನಲ್ಲಿ ತೆಪ್ಪಗೆ ಕೂತಿತ್ತು. ಅದನ್ನು ಹೊರಗೆಳೆದು ಊರಿನವರ ಅಡುಗೆಮನೆಯವರೆಗೆ ತಂದವಳು ಅವಳು. ಆದರೆ ಎಳೆಯಲು ಒಂದು ಕಾಗದ ಮೊದಲು ಇರಬೇಕಲ್ಲ? ನಮ್ಮ ಎಷ್ಟೋ ಕೈಗಾರಿಕಾ ಪ್ರದೇಶಗಳ ಸುತ್ತಲಿನ ಊರುಗಳಲ್ಲಿ ಎರಿನ್‌ಗಳು ಇದ್ದಾರೆ. ಅವರಿಗೆ ಸಿಟ್ಟಿದೆ, ಹೆಸರುಗಳು ಬಾಯಿಪಾಠ ಇವೆ. ಇಲ್ಲದ್ದು ಬೀಗ ಹಾಕಿದ ಆ ತೆಳ್ಳಗಿನ ಬಾವಿ, ವರ್ಷಕ್ಕೆ ನಾಲ್ಕು ಸಲ ಅದರ ಬೀಗ ತೆಗೆಯುವ ಬಾಟ್ಲಿ ಇಂಜಿನಿಯರ್, ಅವನು ಬರೆದ ಅಂಕಿಯನ್ನು ಯಾರು ಕೇಳಿದರೂ ತೋರಿಸುವ ಆಫೀಸು. ಹೋರಾಟ ಅಂದರೆ ಧಿಕ್ಕಾರ ಕೂಗುವುದು ಅಂತ ಸಿನಿಮಾಗಳು ಕಲಿಸಿವೆ. ‘ಮಾನಿಟರಿಂಗ್ ಬಾವಿ ಕೊರೆಸಿ, ಅಂಕಿ ಹೊರಗಿಡಿ’ ಅಂತ ಕೂಗಿದರೆ ಪ್ರಾಸ ಸಿಗುವುದಿಲ್ಲ, ಆದರೂ ಕೂಗಬೇಕಾದ್ದು ಅದನ್ನೇ.

ನಿಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ಲಿಗೆ ಲ್ಯಾಬ್ ರಿಪೋರ್ಟ್ ಇದ್ದರೆ ಈ ವಾರ ಒಂದು ಸಲ ತರಿಸಿಕೊಂಡು ನೋಡಿ. ಅಂಕಿಗಳ ಪಟ್ಟಿ ಆಮೇಲೆ ನೋಡಿದರಾಯಿತು, ಮೊದಲು ಸಣ್ಣ ಅಕ್ಷರ ಓದಿ. ಇಂಥ ಎಷ್ಟೋ ರಿಪೋರ್ಟುಗಳಲ್ಲಿ ಒಂದು ಸಾಲು ಇರುತ್ತದೆ: ಸ್ಯಾಂಪಲನ್ನು ಗ್ರಾಹಕರೇ ತಂದುಕೊಟ್ಟಿದ್ದಾರೆ, ಫಲಿತಾಂಶ ತಂದುಕೊಟ್ಟ ಸ್ಯಾಂಪಲ್ಲಿಗೆ ಮಾತ್ರ ಅನ್ವಯ. ಲ್ಯಾಬಿನವರು ಕೈ ತೊಳೆದುಕೊಂಡಿದ್ದಾರೆ, ತಪ್ಪೇನಿಲ್ಲ. ತಂದುಕೊಟ್ಟವರು ಯಾರು, ಯಾವ ಬಾಟಲಿಯಲ್ಲಿ, ಟ್ಯಾಂಕಿನಿಂದಲೋ ಬೋರಿನಿಂದಲೋ, ಎಷ್ಟು ಹೊತ್ತು ನೀರು ಬಿಟ್ಟ ಮೇಲೆ, ಲ್ಯಾಬು ಸೇರಿದ್ದು ಎಷ್ಟು ದಿನಕ್ಕೆ? ಮುಂದಿನ ಮೀಟಿಂಗಿನಲ್ಲಿ ಕೇಳಿ. ಪಟ್ಟಿಯಲ್ಲಿ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ ಇವೆಯಾ, ಬರೀ ಗಡಸುತನ, ಕ್ಲೋರೈಡ್‌ಗೇ ಮುಗಿದಿದೆಯಾ ಅಂತಲೂ ಕೇಳಿ. ಸೆಕ್ರೆಟರಿ ಬೇಜಾರು ಮಾಡಿಕೊಳ್ಳಬಹುದು. ಮಾಡಿಕೊಳ್ಳಲಿ ಬಿಡಿ, ಅವರೂ ಅದೇ ನೀರು ಕುಡೀತಿದ್ದಾರೆ.